ಎಡಗೈ ಮೇಸ್ತ್ರಿಯ ಏಳನೇ ಕಲ್ಲು

ಸೆಪ್ಟೆಂಬರ್ ೩, ಬುಧವಾರ

ಇವರು ತೀರಿಕೊಂಡು ಇವತ್ತಿಗೆ ನಲವತ್ತೈದು ದಿನ.

ಇದು ಇವರು ಅಳತೆ ಬರೆದಿಡಲು ತಂದ ನೋಟ್‌ಬುಕ್ಕು. ಮೊದಲ ಮೂರು ಹಾಳೆಯಲ್ಲಿ ಯಾರದೋ ಮನೆಯ ಮೆಟ್ಟಿಲಿನ ಉದ್ದ ಅಗಲ ಇದೆ. ಆಮೇಲೆ ಉಸಿರು ಸಾಲದಾಯಿತು, ಮೆಟ್ಟಿಲು ಅಲ್ಲಿಗೇ ನಿಂತಿತು. ನಾಲ್ಕನೇ ಹಾಳೆಯಿಂದ ನಾನು ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲು ಅಲ್ಲ. ನನಗೆ ಬಾಯಿ ಬಿಟ್ಟು ಹೇಳಲು ಬರುವುದಿಲ್ಲ, ಅದಕ್ಕೆ.

ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಬೆಟ್ಟದ ಮೇಲಿನ ಆ ಹಳೇ ಊರಿಗೆ ಹೊರಡುತ್ತೇನೆ. ಮದುವೆಯಾದ ಎರಡನೇ ವರ್ಷ ಇವರು ಹನ್ನೊಂದು ತಿಂಗಳು ಅಲ್ಲಿದ್ದರು. ಪಡುವಣ ಬಾಗಿಲ ಪಕ್ಕ ಕೋಟೆಗೋಡೆ ಕುಸಿದಿತ್ತು, ಮತ್ತೆ ಕಟ್ಟಲು ಹೋಗಿದ್ದರು. ಆಮೇಲೆ ಮೂವತ್ತೊಂದು ವರ್ಷ ಅದರದೇ ಮಾತು. ಯಾರ ಮನೆಯ ಕಾಂಪೌಂಡು ನೋಡಿದರೂ "ನಾನು ಕಟ್ಟಿದ ಕೋಟೆಯಲ್ಲಿ" ಎಂದು ಶುರು ಮಾಡುತ್ತಿದ್ದರು. ಒಂದು ಸಲ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಪ್ರತಿ ವರ್ಷ ಹೇಳಿದರು. ಪ್ರತಿ ವರ್ಷ ಏನೋ ಒಂದು ಕೆಲಸ ಅಡ್ಡ ಬಂತು.

ಇವರನ್ನು ಮಣ್ಣು ಮಾಡಿ ಬಂದ ದಿನ, ಹತ್ತು ಜನ ಕೂತಿದ್ದಾಗ, ಮೈದುನ ಹೇಳಿದ: "ನಮ್ಮಣ್ಣನ ಕೋಟೆ ಬಾಯಲ್ಲೇ ಎದ್ದಿತ್ತು, ಪಾಪ, ಬಾಯಲ್ಲೇ ಬಿತ್ತು." ಜನ ನಕ್ಕರು. ಅವನು ಕೆಟ್ಟವನಲ್ಲ. ಅಳು ಬಂದರೆ ತಮಾಷೆ ಮಾಡುವ ಜಾತಿ. ಆದರೂ ಎಲ್ಲರಿಗೂ ಕಾಫಿ ಕೊಡುತ್ತಿದ್ದ ನಾನು ಅವನ ಲೋಟವನ್ನು ಮಾತ್ರ ವಾಪಸ್ಸು ಒಳಗೆ ತೆಗೆದುಕೊಂಡು ಹೋದೆ.

ಇವತ್ತು ಬಂದು, "ಇಂಥ ಹೊತ್ತಲ್ಲಿ ಪ್ರವಾಸವಾ ಅತ್ತಿಗೆ? ಜನ ಏನಂತಾರೆ?" ಎಂದ. ಚೀಲದ ಜಿಪ್ ಎಳೆದೆ. ಆ ಗೋಡೆ ಇದೆಯೋ ಇಲ್ಲವೋ ನನಗೆ ಗೊತ್ತಾಗಬೇಕು. ಇವರ ಮಾತು ಸುಳ್ಳು ಎಂದಾಗಿ ಇವರ ಜೊತೆ ಮಣ್ಣಿಗೆ ಹೋಗಲು ನಾನು ಬಿಡುವುದಿಲ್ಲ.

ನಾದಿನಿ ಜೊತೆಗೆ ಬರುತ್ತಾಳಂತೆ. ಬ್ಯೂಟಿ ಪಾರ್ಲರ್ ನಡೆಸುವವಳು, ಕತ್ತರಿ ಆಡುವಷ್ಟು ಹೊತ್ತೂ ಬಾಯಿ ಆಡುತ್ತದೆ. ಇರಲಿ. ನನ್ನ ಪಾಲಿನ ಮಾತನ್ನೂ ಅವಳೇ ಆಡಲಿ.

ಸೆಪ್ಟೆಂಬರ್ ೪, ಗುರುವಾರ

ನಲವತ್ತಾರು.

ಬಸ್ಸು ಕೊನೆಯ ತಿರುವು ದಾಟಿದಾಗ ಊರು ಕಂಡಿತು. ಬೆಟ್ಟದ ನೆತ್ತಿಯ ಮೇಲೆ ಕಂದು ಬಣ್ಣದ ಗೋಡೆ, ಅದರೊಳಗೆ ಒತ್ತೊತ್ತಾಗಿ ಮನೆಗಳು, ಒಂದು ಗಡಿಯಾರದ ಗೋಪುರ. ಕೆಳಗೆ ಸುತ್ತಲೂ ಸಾಲು ಸಾಲು ದ್ರಾಕ್ಷಿ ತೋಟ. ನಾದಿನಿ ಕಿಟಕಿಗೆ ಮುಖ ಒತ್ತಿ, "ನೋಡಿ ಅತ್ತಿಗೆ, ಎಷ್ಟು ನೀಟಾಗಿ ಬೈತಲೆ ತೆಗೆದಿದಾರೆ" ಎಂದಳು.

ಮೇಲೆ ರೂಮು ಸಿಗಲಿಲ್ಲ. ಬೆಟ್ಟದ ಬುಡದಲ್ಲಿ ವೈನ್ ಮಾಡುವ ಒಬ್ಬ ತಾತನ ತೋಟದ ಮನೆಯಲ್ಲಿ ಇಳಿದುಕೊಂಡಿದ್ದೇವೆ. ಬಿಳಿ ಗೋಡೆ, ಎರಡು ಮಂಚ, ಕಿಟಕಿಯಾಚೆಗೇ ಬಳ್ಳಿ. ದ್ರಾಕ್ಷಿ ಕೊಯ್ಲಿನ ಸಮಯ. ಅಂಗಳದ ತುಂಬ ಹುಳಿ ಹುಳಿ ಸಿಹಿ ವಾಸನೆ, ಕಣಜದ ಹುಳುಗಳು.

ಮಧ್ಯಾಹ್ನ ಬೆಟ್ಟ ಹತ್ತಿದೆವು. ಬೀದಿಗಳು ಇಬ್ಬರು ಎದುರಾದರೆ ಒಬ್ಬರು ಬಾಗಿಲೊಳಗೆ ಸರಿಯಬೇಕಾದಷ್ಟು ಇಕ್ಕಟ್ಟು. ಮೆಟ್ಟಿಲುಗಳ ನಡುಭಾಗ ಸವೆದು ತಟ್ಟೆಯ ಹಾಗಾಗಿದೆ. ಪಡುವಣ ಬಾಗಿಲ ಹತ್ತಿರ ಪ್ರವಾಸಿಗರ ಗುಂಪು ನಿಂತಿತ್ತು. ಮುಂದೆ ಒಬ್ಬ ಗೈಡು, ಬಿಸಿಲಿಲ್ಲದಿದ್ದರೂ ಕೆಂಪು ಕೊಡೆ ಎತ್ತಿ ಹಿಡಿದಿದ್ದ. ನಾವೂ ಹಿಂದೆ ಸೇರಿಕೊಂಡೆವು. ಅವನು ಗೋಡೆ ತಟ್ಟಿ ಹೇಳಿದ:

"ಆರುನೂರು ವರ್ಷ. ಇಲ್ಲಿಯ ಒಂದೇ ಒಂದು ಕಲ್ಲು ಅಲುಗಿಲ್ಲ, ಒಂದೇ ಒಂದು ಕಲ್ಲು ಬದಲಾಗಿಲ್ಲ."

ನಾದಿನಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅಲ್ಲಿ ಇಪ್ಪತ್ತು ಜನ ಇದ್ದರು. ಇಪ್ಪತ್ತು ಜನರ ಮುಂದೆ ನಾನು ಯಾವತ್ತು ಬಾಯಿ ತೆರೆದಿದ್ದೇನೆ?

ಊಟ ಸೇರಲಿಲ್ಲ.

ಸೆಪ್ಟೆಂಬರ್ ೫, ಶುಕ್ರವಾರ

ನಲವತ್ತೇಳು. ಮೇಲೆ ಹೋಗಲಿಲ್ಲ. ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದೆ. ಗೋಡೆ ಎಂದರೆ ಈಗ ಕೋಪ ಬರುತ್ತದೆ.

ಸೆಪ್ಟೆಂಬರ್ ೬, ಶನಿವಾರ

ಸುಮ್ಮನೆ ಕೂತರೆ ತಲೆ ಕೆಡುತ್ತದೆ ಎಂದು ನಾದಿನಿ ಎಳೆದುಕೊಂಡು ಹೋದಳು. ಕೊಯ್ಲಿಗೆ ಕೈ ಸಾಲದು ಎಂದು ತಾತ ಗೊಣಗುತ್ತಿದ್ದ. ನಮಗೂ ಬಾಗಿದ ಚಿಕ್ಕ ಚಾಕು, ಒಂದೊಂದು ಪ್ಲಾಸ್ಟಿಕ್ ಕ್ರೇಟು ಕೊಟ್ಟ. ಎಡಗೈಯಲ್ಲಿ ಗೊಂಚಲು ಹಿಡಿದು, ತೊಟ್ಟಿನ ಹತ್ತಿರ ಚಾಕು ಕೊಟ್ಟು ಎಳೆಯಬೇಕು. ನಾದಿನಿ ಅರ್ಧ ಗಂಟೆಯಲ್ಲಿ ಸಾಲಿನ ತುದಿ ಮುಟ್ಟಿದಳು. ಗಿರಾಕಿ ಅಲ್ಲಾಡದೆ ಕೂತರೆ ಎಷ್ಟು ಸುಖ ಎಂದು ಬಳ್ಳಿಗೇ ಹೇಳುತ್ತಿದ್ದಳು.

ಆಮೇಲೆ ತಾತ ಪೀಪಾಯಿಗಳ ಕೋಣೆಗೆ ಕರೆದ. ತಂಪು, ಕತ್ತಲೆ, ಒದ್ದೆ ಮರದ ವಾಸನೆ. ಲೋಟವನ್ನು ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು, ಬಾಯಲ್ಲಿ ಆಡಿಸಿ ಹೇಗೆ ಬಕೆಟ್ಟಿಗೆ ಉಗಿಯಬೇಕು ಎಂದು ತೋರಿಸಿದ.

"ಉಗಿಯೋಕೆ ಇಷ್ಟು ಚೆಂದದ ಲೋಟ ಯಾಕೆ ತಾತ?" ಎಂದು ನಾದಿನಿ ನುಂಗಿಬಿಟ್ಟಳು. ನನಗೆ ಹಿಡಿಸಿತೋ ಇಲ್ಲವೋ ತಿಳಿಯಲಿಲ್ಲ. ನಾಲಿಗೆ ಒಣಗಿತು. ಲೋಟ ಮಾತ್ರ ಖಾಲಿಯಾಗಿತ್ತು.

ಗೋಡೆಯ ಮೊಳೆಗೆ ಹಳೇ ಚಾಕುಗಳು ನೇತಾಡುತ್ತಿದ್ದವು. ಅದರಲ್ಲಿ ಒಂದರ ಬಾಗು ಉಲ್ಟಾ ಇತ್ತು. ಏಕೆ ಎಂದು ಕೇಳಿದೆ. ತಾತ ನಕ್ಕ. ಮೂವತ್ತು ವರ್ಷದ ಕೆಳಗೆ ಒಬ್ಬ ಎಡಚ ಭಾನುವಾರ ಭಾನುವಾರ ಕೊಯ್ಲಿಗೆ ಬರುತ್ತಿದ್ದನಂತೆ. ನಮ್ಮ ಚಾಕು ಅವನ ಕೈಗೆ ಕೂರುವುದಿಲ್ಲ ಎಂದು ಕಮ್ಮಾರನಿಗೆ ಹೇಳಿ ಬೇರೆ ಮಾಡಿಸಿದರಂತೆ. ಅವನು ಹೋದ ಮೇಲೆ ಅದು ಯಾರ ಉಪಯೋಗಕ್ಕೂ ಬರಲಿಲ್ಲ. ಬಲಗೆನ್ನೆಯ ಮೇಲೆ ಸುಟ್ಟ ಕಲೆ ಇತ್ತಂತೆ, ಗಂಟಲು ದೊಡ್ಡದಂತೆ.

ಇವರೇ. ಕೋಟೆ ಕಟ್ಟಲು ಬಂದಿದ್ದವರಲ್ಲವೇ ಎಂದು ಕೇಳಿದೆ.

"ಕೋಟೆ ಗೀಟೆ ನಂಗೊತ್ತಿಲ್ಲಮ್ಮ. ದ್ರಾಕ್ಷಿ ಕೊಯ್ತಿದ್ದ. ಚೆನ್ನಾಗಿ ಕೊಯ್ತಿದ್ದ."

ಹೊರಗೆ ಬಂದ ಮೇಲೆ ನಾದಿನಿ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿದಳು. ಕೊನೆಗೆ ಮೆಲ್ಲಗೆ, "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಅಣ್ಣ ಇಲ್ಲಿ ದ್ರಾಕ್ಷಿ ಕೊಯ್ದು, ಮನೆಗೆ ಬಂದು ಕೋಟೆ ಅಂದಿರಬಹುದಲ್ವಾ?" ಎಂದಳು. ಅವಳ ಕಣ್ಣಲ್ಲಿ ನೀರು.

ಸಂಜೆ ಮೈದುನನಿಗೆ ಇವಳೇ ಫೋನಿನಲ್ಲಿ ಹೇಳಿದಳು. ಅವನು ನಕ್ಕಿದ್ದು ನನಗೂ ಕೇಳಿಸಿತು.

ಸೆಪ್ಟೆಂಬರ್ ೭, ಭಾನುವಾರ

ಒಂದು ವಿಷಯ ಇದೆ. ಇವರು ಯಾರಿಗೂ ಹೇಳಬೇಡ ಎಂದಿದ್ದರು. ಈ ನೋಟ್‌ಬುಕ್ಕು ಯಾರೂ ಅಲ್ಲವಲ್ಲ, ಬರೆಯುತ್ತೇನೆ.

ನಾನು ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುವವಳು. ಒಮ್ಮೆ ಮನೆಯ ಮೇಜಿನ ಮೇಲೆ ಮಡಿಸಿದ ಶೀಟುಗಳ ರಾಶಿ ಇತ್ತು. ಇವರು ಅದರ ಮೇಲೆ ಕೈ ಊರಿ ಹೇಳಿದರು, ಕಲ್ಲೂ ಹೀಗೇ, ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಗೋಡೆಯಲ್ಲೂ ಅದನ್ನು ಹಾಗೇ ಮಲಗಿಸಬೇಕು, ಎಷ್ಟು ಭಾರ ಹೇರಿದರೂ ತಡೆಯುತ್ತದೆ. ಆಮೇಲೆ ರಾಶಿಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರು. ಶೀಟುಗಳು ಒಂದೊಂದಾಗಿ ಜಾರಿ ಬಿದ್ದವು. ನಾನು ಮತ್ತೆ ಮಡಿಸಬೇಕಾಯಿತು ಎಂದು ಬೈದೆ.

ಕೊನೆಯ ವಾರ, ಕಲ್ಲಿನ ಧೂಳು ತುಂಬಿದ ಎದೆಯಿಂದ ಒಂದೊಂದೇ ಮಾತು ತೆಗೆದು ಹೇಳಿದರು. ಮಳೆನೀರು ಹೊರಬೀಳುವ ತೂಬಿನಿಂದ ಎಡಕ್ಕೆ ಏಳನೇ ಕಲ್ಲು, ಎದೆಮಟ್ಟದಲ್ಲಿ. ಅಲ್ಲಿ ಉಳಿದಿದ್ದ ಜಾಗ ಎತ್ತರಕ್ಕಿತ್ತು, ಅಗಲಕ್ಕಿರಲಿಲ್ಲ. ಎರಡು ಕಲ್ಲು ಕಡೆದು ಮಲಗಿಸಬೇಕಿತ್ತು. ಕಲೆಸಿದ ಗಾರೆ ಗಟ್ಟಿಯಾಗುತ್ತಿತ್ತು, ಒಂದೇ ಕಲ್ಲು ನಿಲ್ಲಿಸಿ, ಅಲುಗದಿರಲಿ ಎಂದು ಹಿಂದೆ ಮೂರು ಹೆಂಚಿನ ಚೂರು ತುರುಕಿದರು. "ಅಷ್ಟು ಗೋಡೇಲಿ ಒಂದೇ ತಪ್ಪು. ಯಾರಿಗೂ ಹೇಳ್ಬೇಡ" ಎಂದರು. ಊರೆಲ್ಲ ಕೇಳುವಂತೆ ಕೋಟೆಯ ಮಾತಾಡಿದವರು ಇದೊಂದನ್ನು ಮೂವತ್ತೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು.

ಇವತ್ತು ನಾನೊಬ್ಬಳೇ ಬೆಟ್ಟ ಹತ್ತಿದೆ. ತೂಬಿನ ಬಲಕ್ಕೆ ಕಲ್ಲುಗಳ ಮೇಲಿನ ಉಳಿಯೇಟುಗಳೆಲ್ಲ ಒಂದು ಕಡೆ ಓರೆ. ಎಡಕ್ಕೆ, ಸುಮಾರು ನಲವತ್ತು ಹೆಜ್ಜೆವರೆಗೆ, ಇನ್ನೊಂದು ಕಡೆ ಓರೆ. ಉಳಿ ಬಲಗೈಯಲ್ಲೂ ಸುತ್ತಿಗೆ ಎಡಗೈಯಲ್ಲೂ ಇದ್ದರೆ ಹಾಗೇ ಬೀಳುತ್ತದೆ. ಅದನ್ನು ನಮ್ಮ ಹಿತ್ತಲಲ್ಲಿ ಇವರು ಕಡೆದಿಟ್ಟ ಒಗೆಯುವ ಕಲ್ಲಿನ ಮೇಲೆ ದಿನಾ ನೋಡಿದ್ದೇನೆ.

ಏಳನೇ ಕಲ್ಲು ಈರುಳ್ಳಿಯ ಹಾಗೆ ಸುಲಿಯುತ್ತಿದೆ. ಕೈ ಇಟ್ಟೆ, ಒಂದು ಪದರ ಅಂಗೈಗೆ ಬಂತು.

ಅಲ್ಲೇ ಕೂತು ಅತ್ತೆ. ಇವರು ಹೋದ ಮೇಲೆ ಇವತ್ತೇ ಮೊದಲು.

ಸೆಪ್ಟೆಂಬರ್ ೮, ಸೋಮವಾರ

ಕೋಟೆ ಕಚೇರಿಗೆ ಹೋದೆ. ಕನ್ನಡಕದ ಅಧಿಕಾರಿ, ನನ್ನ ವಯಸ್ಸಿನವರೇ. ಕೂರಿಸಿ, ನೀರು ಕೊಟ್ಟು, ಹಳೇ ಕಡತ ತೆಗೆಸಿದರು. ಆ ವರ್ಷ "ಸಣ್ಣಪುಟ್ಟ ದುರಸ್ತಿ" ಎಂದು ಒಂದೇ ಸಾಲು. ಎಲ್ಲಿ, ಯಾರು, ಎಷ್ಟು ಎಂದು ಇಲ್ಲ. ನಾನು ಉಳಿಯೇಟಿನ ಓರೆ ಹೇಳಿದೆ. ಅವರು ಬಂದು ನೋಡಿದರು. ಬೆಳಕಿನ ಓರೆ ಇರಬಹುದು ಎಂದರು. ಸುಲಿಯುವ ಕಲ್ಲಿನ ಮೇಲೆ ಕೆಂಪು ಬಣ್ಣದ ಗೀಟು ಹಾಕಿದ್ದಾರೆ. ಗಾಳಿ ಬಿಸಿಲಿಗೆ ಹಾಳಾಗಿದೆ, ಶನಿವಾರ ಬದಲಿಸುತ್ತೇವೆ ಎಂದರು.

ಗಾಳಿ ಬಿಸಿಲು ಅದರ ಪಕ್ಕದ ಕಲ್ಲಿಗೆ ಬೀಳುವುದಿಲ್ಲವೇ? ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಇವರ ತಪ್ಪು ಹೇಳಬೇಕು. ನುಂಗಿಕೊಂಡೆ.

ಶನಿವಾರ ಆ ಕಲ್ಲು ಹೋದರೆ, ಇವರು ಇಲ್ಲಿದ್ದರು ಎನ್ನಲು ದ್ರಾಕ್ಷಿಯ ಚಾಕು ಒಂದೇ ಉಳಿಯುತ್ತದೆ.

ಸೆಪ್ಟೆಂಬರ್ ೯, ಮಂಗಳವಾರ

ಯಾರಿಗೂ ಹೇಳಬೇಡ ಎಂದಿರಿ. ಎಂದು, ಎದ್ದು ಹೋದಿರಿ. ಅಣಕ ಕೇಳಿಸಿಕೊಳ್ಳಲು ನನ್ನನ್ನು ಬಿಟ್ಟಿರಿ.

ನಿಮ್ಮ ಮರ್ಯಾದೆ ಮುಖ್ಯವೋ ನಿಮ್ಮ ಗೋಡೆ ಮುಖ್ಯವೋ? ಎರಡನ್ನೂ ಹೊರಲು ನನ್ನ ಕೈಯಲ್ಲಿ ಆಗುವುದಿಲ್ಲ. ಒಂದೂ ತಪ್ಪು ಮಾಡದ ಸುಳ್ಳುಗಾರ ಎನ್ನಿಸಿಕೊಳ್ಳುವುದಕ್ಕಿಂತ, ಒಂದು ತಪ್ಪು ಮಾಡಿದ ಮೇಸ್ತ್ರಿ ಎನ್ನಿಸಿಕೊಳ್ಳಿ. ಕೋಪ ಬಂದರೆ ಬರಲಿ. ಮೂವತ್ತಮೂರು ವರ್ಷ ನಾನೂ ನಿಮ್ಮ ಕೋಪ ನೋಡಿದ್ದೇನೆ. ಊಟ ಹಾಕಿದರೆ ಇಳಿಯುತ್ತಿತ್ತು.

ಸೆಪ್ಟೆಂಬರ್ ೧೦, ಬುಧವಾರ

ಹೇಳಿದೆ.

ಹನ್ನೊಂದು ಗಂಟೆಗೆ ಕೊಡೆಯ ಗೈಡು ಗುಂಪು ಕರೆದುಕೊಂಡು ಬಂದ. ನಾನು ಮೊದಲೇ ಹೋಗಿ ಏಳನೇ ಕಲ್ಲಿನ ಪಕ್ಕ ನಿಂತಿದ್ದೆ. ನಾದಿನಿಗೆ ಏನೂ ಹೇಳಿರಲಿಲ್ಲ, ಅವಳು ಎದುರಿನ ಅಂಗಡಿಯಲ್ಲಿ ಟೋಪಿ ಹಾಕಿ ನೋಡುತ್ತಿದ್ದಳು. ಅವನು ಗೋಡೆ ತಟ್ಟಿ ಆರುನೂರು ವರ್ಷ, ಒಂದೇ ಒಂದು ಕಲ್ಲು ಎಂದು ಶುರು ಮಾಡಿದ.

"ಅದು ಸುಳ್ಳು" ಎಂದೆ.

ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಎದುರಿನ ಅಂಗಡಿಯಿಂದ ನಾದಿನಿ ತಲೆಯ ಮೇಲಿನ ಟೋಪಿ ಸಮೇತ ಓಡಿಬಂದಳು.

ತೂಬಿನಿಂದ ಆ ಮೂಲೆಯ ತನಕ ತೋರಿಸಿ, "ಇಷ್ಟನ್ನು ನನ್ನ ಗಂಡ ಕಟ್ಟಿದ್ದು" ಎಂದೆ. ಎಡಗೈಯವರು, ಉಳಿಯೇಟು ನೋಡಿ ಎಂದೆ. ಜನ ಗೋಡೆಗೆ ಮೂಗು ತಾಗಿಸಿ ನೋಡಿದರು. ಒಬ್ಬ ಹೆಂಗಸು ಬೆರಳಿನಿಂದ ಸವರಿ, ಹೌದು, ತಿರುಗಿದೆ ಎಂದಳು.

ಗೈಡು ನನ್ನ ಹತ್ತಿರ ಬಂದು ಕೊಡೆ ಇಳಿಸಿದ. "ಅಮ್ಮ, ಇದು ನನ್ನ ಹೊಟ್ಟೆಪಾಡು. ಹಳೇದು ಅಂದ್ರೇನೆ ಜನ ಬರೋದು."

"ಅವರದೂ ಹೊಟ್ಟೆಪಾಡೇ ಆಗಿತ್ತಪ್ಪ" ಎಂದೆ. "ನೀನು ಹಳೇದು ಅನ್ನೋ ಹಾಗೆ ಕಟ್ಟಿದಾರಲ್ಲ, ಅದು ಅವರ ಕೆಲಸ."

ಆಮೇಲೆ ತಪ್ಪನ್ನೂ ಹೇಳಿದೆ. ಈ ಕಲ್ಲು ಮಲಗಿಲ್ಲ, ನಿಂತಿದೆ, ಅದಕ್ಕೇ ಸುಲಿಯುತ್ತಿದೆ, ಹಿಂದೆ ಮೂರು ಹೆಂಚಿನ ಚೂರು ಇವೆ.

ಮೇಲಿನ ಅಟ್ಟಣೆಯಲ್ಲಿ ದುರಸ್ತಿ ಮಾಡುತ್ತಿದ್ದ ಮೇಸ್ತ್ರಿ ಎಲ್ಲ ಕೇಳಿಸಿಕೊಂಡು ಇಳಿದು ಬಂದ. ನರೆತ ಮೀಸೆ, ಕಿವಿಯ ಮೇಲೆ ಪೆನ್ಸಿಲು. ಕಲ್ಲನ್ನು ಉಗುರಿನಿಂದ ಕೆರೆದ, ಬಾಗಿ ಪಕ್ಕದಿಂದ ನೋಡಿದ.

"ನಿಂತಿದೆ. ಹಳಬರು ಈ ಗೋಡೇಲಿ ಎಲ್ಲೂ ಹೀಗೆ ಇಟ್ಟಿಲ್ಲ. ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ, ಇಲ್ಲಿ ಮಾತ್ರ ಏಟು ಯಾಕೆ ತಿರುಗಿದೆ ಅಂತ ಗೊತ್ತಾಗಿರಲಿಲ್ಲ. ಎಡಗೈಯಾ" ಎಂದು ತನ್ನ ಎಡಗೈಯನ್ನೇ ನೋಡಿಕೊಂಡ. ಪಕ್ಕದ ಕಲ್ಲುಗಳನ್ನೂ ಸವರಿ ನೋಡಿ, "ಇದೊಂದು ಬಿಟ್ರೆ ಒಳ್ಳೇ ಕೈ" ಎಂದ.

ಗಲಾಟೆ ಕೇಳಿ ಅಧಿಕಾರಿಯೂ ಬಂದರು. ಬಾಯಿಮಾತಿನ ಮೇಲೆ ಕಡತದಲ್ಲಿ ಬರೆಯಲಾಗುವುದಿಲ್ಲ, ಶನಿವಾರ ಕಲ್ಲು ತೆಗೆಯುವಾಗ ಹಿಂದೆ ಏನಿದೆ ನೋಡೋಣ ಎಂದರು. ನೋಡಿ ಎಂದೆ.

ವಾಪಸ್ಸು ಇಳಿಯುವಾಗ ನಾದಿನಿ ನನ್ನ ತೋಳು ಹಿಡಿದುಕೊಂಡಿದ್ದಳು. "ಅತ್ತಿಗೆ, ಇಷ್ಟು ವರ್ಷ ಈ ಬಾಯಿ ಎಲ್ಲಿ ಅಡವಿಟ್ಟಿದ್ರಿ?" ಎಂದಳು. ಟೋಪಿಯ ದುಡ್ಡು ಕೊಡಲಿಲ್ಲ ಎಂದು ಅರ್ಧ ದಾರಿಯಲ್ಲಿ ನೆನಪಾಗಿ ಮತ್ತೆ ಹತ್ತಿದೆವು.

ಎರಡು ಸಲ ಬಡಿಸಿಕೊಂಡು ಉಂಡೆ.

ಸೆಪ್ಟೆಂಬರ್ ೧೨, ಶುಕ್ರವಾರ

ದ್ರಾಕ್ಷಿ ಕೊಯ್ದೆ. ತಾತ ಆ ಉಲ್ಟಾ ಚಾಕು ತಂದು ನನ್ನ ಕೈಯಲ್ಲಿ ಇಟ್ಟ, ಇಟ್ಟುಕೋ ಎಂದ. ಕೈಗೆ ಬಣ್ಣ ಹತ್ತಿದೆ, ಸೋಪಿಗೆ ಹೋಗುತ್ತಿಲ್ಲ.

ಮೂವತ್ತೊಂದು ವರ್ಷದ ಹಿಂದಿನ ಮಾತು. ಮೂರೋ, ಎರಡೋ? ಹೆಂಚೋ, ಇಟ್ಟಿಗೆಯೋ? ಆಕ್ಸಿಜನ್ ಮಾಸ್ಕಿನೊಳಗಿಂದ ಹೇಳಿದ್ದು. ನಾನು ಸರಿಯಾಗಿ ಕೇಳಿಸಿಕೊಂಡೆನೇ? ಹಿಂದೆ ಏನೂ ಇಲ್ಲದಿದ್ದರೆ ಮೈದುನನಿಗೆ ಇನ್ನೂ ಮೂವತ್ತು ವರ್ಷಕ್ಕೆ ಆಗುವಷ್ಟು ತಮಾಷೆ.

ಇಲ್ಲದಿದ್ದರೂ ನಾನು ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಇವತ್ತಿಗೆ ಎಷ್ಟು ದಿನ ಎಂದು ಬರೆಯುವುದು ಬಿಟ್ಟುಹೋಗಿದೆ. ನಾಳೆ ಲೆಕ್ಕ ಹಾಕಬೇಕು.

ಸೆಪ್ಟೆಂಬರ್ ೧೩, ಶನಿವಾರ

ಬೆಳಿಗ್ಗೆ ಎಂಟಕ್ಕೆ ಶುರು. ಮೇಸ್ತ್ರಿ, ಅಧಿಕಾರಿ, ನಾವಿಬ್ಬರು, ಊರುಗೋಲು ಹಿಡಿದು ಬಂದ ತಾತ. ಗೈಡೂ ಬಂದಿದ್ದ, ಕೊಡೆ ಮಡಚಿ ಕಂಕುಳಲ್ಲಿತ್ತು. ಗಾರೆ ಕೆತ್ತಿ, ಸನ್ನೆಕೋಲು ಹಾಕಿ, ಕಲ್ಲನ್ನು ಚೂರು ಚೂರಾಗಿ ತೆಗೆದರು. ಹಿಂದೆ ಕಪ್ಪು ಗೂಡು.

ಮೇಸ್ತ್ರಿ ಕೈ ಹಾಕಿದ. ಒಂದು ಕೆಂಪು ಹೆಂಚಿನ ಚೂರು ಬಂತು. ನಾದಿನಿಯ ಫೋನು ವಿಡಿಯೋ ಹಿಡಿಯುತ್ತಿತ್ತು, ಗೂಡಿನ ಹತ್ತಿರಕ್ಕೆ ಸರಿಯಿತು. ಇನ್ನೊಂದು ಬಂತು. ಆಮೇಲೆ ಬರೀ ಮಣ್ಣು.

ಎರಡೇ ಎಂದು ಅಧಿಕಾರಿ ಹೇಳಿದರು. ಮೂರು ಎಂದೆ. ಮೇಸ್ತ್ರಿ ನನ್ನ ಮುಖ ನೋಡಿ, ಶರ್ಟಿನ ತೋಳು ಮಡಚಿ, ಭುಜದವರೆಗೆ ಕೈ ಹಾಕಿ, ಕೆನ್ನೆಯನ್ನು ಗೋಡೆಗೆ ಒತ್ತಿ ತಡಕಾಡಿದ. ಮೂರನೆಯದು ಕೆಳಗೆ ಜಾರಿ ಮೂಲೆಯಲ್ಲಿ ಸಿಕ್ಕಿಕೊಂಡಿತ್ತಂತೆ. ತಂದು ನನ್ನ ಅಂಗೈ ಮೇಲೆ ಇಟ್ಟ.

ಅಧಿಕಾರಿ ಅಲ್ಲೇ ಕಡತ ತೆರೆದು ಹೆಸರು ಕೇಳಿದರು. ಹೇಳಿದೆ. ಬರೆದರು. ಆಮೇಲೆ ಪೆನ್ನು ಎತ್ತಿ, "ತಪ್ಪು ಇಟ್ಟ ಕಲ್ಲಿನ ವಿಷಯ ಬರೀಲೇಬೇಕಾಗುತ್ತೆ, ಪರವಾಗಿಲ್ವಾ?" ಎಂದರು. ಎರಡನ್ನೂ ಬರೆಯಿರಿ ಎಂದೆ. ಓದಿ ನೋಡಿದೆ. ಹೆಸರು, ನಲವತ್ತು ಹೆಜ್ಜೆ ಗೋಡೆ, ಒಂದು ಕಲ್ಲು. ಸರಿಯಾಗಿದೆ.

ಮೇಸ್ತ್ರಿ ಹೊಸ ಕಲ್ಲು ಎತ್ತಿಸಿದ. ಗೂಡಿನ ಅಳತೆಗೆ ಮೊದಲೇ ಕಡೆದಿಟ್ಟಿದ್ದ ಒಂದೇ ಕಲ್ಲು, ಎತ್ತರದ್ದು. ಪದರದ ಗೆರೆಗಳು ಮೇಲಿನಿಂದ ಕೆಳಗೆ ಇದ್ದವು. ನೋಡಿದ ತಕ್ಷಣ ನನ್ನ ಕೈ ಅಡ್ಡ ಹೋಯಿತು.

"ಇದೂ ನಿಂತಿದೆ" ಎಂದೆ.

ಗೂಡು ಇರುವುದೇ ಹಾಗೆ, ಇನ್ನು ಎರಡು ಕಲ್ಲು ಕಡೆದು ಮಲಗಿಸುವುದೆಂದರೆ ಇವತ್ತಿನ ಗಾರೆಯೆಲ್ಲ ಹಾಳು ಎಂದು ಅವನು ತಲೆ ಕೆರೆದುಕೊಂಡ. ಹಾಳಾಗಲಿ ಎಂದೆ. ಅವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ನನ್ನ ಮುಖ ನೋಡಿದರು. ಗಾರೆ ಹಾಳಾಯಿತು. ನಾನು ಅಟ್ಟಣೆಯ ಹಲಗೆಯ ಮೇಲೆ ಕೂತು, ಎರಡು ಕಲ್ಲು ತಯಾರಾಗುವವರೆಗೆ ಅಲುಗಲಿಲ್ಲ.

ಮಧ್ಯಾಹ್ನದ ಗುಂಪು ಬಂತು. ಗೈಡು ಆರುನೂರು ವರ್ಷ ಎಂದು, ಸ್ವಲ್ಪ ತಡೆದು, ನನ್ನ ಕಡೆ ಕೊಡೆ ಚಾಚಿ, "ಇಲ್ಲಿಂದ ಆ ಮೂಲೆವರೆಗೆ ಬಿಟ್ಟು. ಅದರ ಕತೆ ಇವರನ್ನೇ ಕೇಳಿ" ಎಂದ. ಕೇಳಿದರು. ಹೇಳಿದೆ.

ಸಂಜೆ ಮೈದುನ ಫೋನ್ ಮಾಡಿದ. ವಿಡಿಯೋ ನೋಡಿದನಂತೆ. ತಮಾಷೆ ಬರುತ್ತದೆ ಎಂದು ಕಾದೆ, ಬರಲಿಲ್ಲ. "ಅತ್ತಿಗೆ, ಆ ಆರು ಗಂಟೆ ಬಸ್ಸು ಎಲ್ಲಿಂದ ಹೊರಡುತ್ತೆ?" ಎಂದ. ಹೇಳಿದೆ. ಬಂದರೆ ಮೊದಲು ಕಾಫಿ ಕೊಡುತ್ತೇನೆ.

ಏಳನೇ ಕಲ್ಲಿನ ಜಾಗದಲ್ಲಿ ಈಗ ಎರಡು ಕಲ್ಲು ಮಲಗಿವೆ. ಹಸಿ ಗಾರೆ ಗಟ್ಟಿಯಾಗಲು ಹತ್ತು ದಿನ ಬೇಕಂತೆ, ಅಲ್ಲಿಯವರೆಗೆ ಬೆಳಿಗ್ಗೆ ಸಂಜೆ ಒದ್ದೆ ಗೋಣಿ ಹೊದಿಸಬೇಕು. ಅದನ್ನು ನಾನೇ ಮಾಡುತ್ತೇನೆ ಎಂದು ಮೇಸ್ತ್ರಿಗೆ ಹೇಳಿದೆ. ನನ್ನ ರಜೆ ನಾಳೆಗೆ ಮುಗಿಯುತ್ತದೆ. ಲಾಂಡ್ರಿಯ ಸೂಪರ್‌ವೈಸರಿಗೆ ಫೋನ್ ಮಾಡಿ, ಇನ್ನು ಹತ್ತು ದಿನ ಬರುವುದಿಲ್ಲ ಎಂದೆ.

ರಜೆ ಕೊಡಿ ಎಂದು ಕೇಳಿಕೊಳ್ಳಲಿಲ್ಲ. ಹೇಳಿದೆ.